ಬೆಟ್ಟದ ಯಾತ್ರಿಕರೂ ಗ್ರಾಮಸ್ಥರ ಸಂಪಾದನೆಯೂ

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ ಸೀಮೆಯ ಗ್ರಾಮಮುಖಂಡರ ಹಾಗೂ ಭೂಮಾಲಿಕರ ಅವಗಾಹನೆಗೆ

ಬೆಟ್ಟಗುಡ್ಡಗಳಿರುವ ಸೀಮೆಗಳಿಗೆ ಯಾತ್ರೆಗಾಗಿಯೂ ವಿಹಾರಕ್ಕಾಗಿಯೂ ಬರತಕ್ಕ ಜನರ ಸಂಖ್ಯೆಯು ಹೆಚ್ಚುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ ಸರಿ. ಆದರೆ ಇವರ ಬರವಿನಿಂದ ಆಯಾ ಊರಿನ ರೈತರಿಗೆ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಲೆಕ್ಕಹಾಕಿ ನೋಡಿದವರು ವಿರಳ. ವಿಶ್ವಸಂಸ್ಥೆಯು 2002ನೆಯ ಇಸವಿಯನ್ನು ಪರ್ವತಗಳ ವರ್ಷವೆಂದೂ ಪರಿಸರ ಪ್ರವಾಸದ ವರ್ಷವೆಂದೂ ಏಕಕಾಲದಲ್ಲಿ ಆಚರಿಸಿತು. ಬೆಟ್ಟವು ಕೆಡದಂತೆ, ಬೆಟ್ಟದ ಜನರಿಗೂ ಅನ್ನ ದೊರೆಯುವಂತೆ ಯಾತ್ರಿಕರನ್ನು ಬರಮಾಡಿಕೊಳ್ಳುವುದು ಹೇಗೆಂಬ ಪ್ರಶ್ನೆಯು ಅಂದಿನಿಂದ ದೇಶದೇಶಗಳಲ್ಲಿ ಚರ್ಚೆಗೆ ಬಂದಿದೆ. ಈ ಪ್ರಶ್ನೆಯು ನಮ್ಮ ಸೀಮೆಗೆ ಹೇಗೆ ಅನ್ವಯಿಸುವುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಗಣಿಯಿಂದ ಕಲಿಯತಕ್ಕ ಪಾಠ

ಜಾನ್ ಟೇಲರ್ ಮತ್ತು ಸನ್ಸ್ ಎಂಬ ಆಂಗ್ಲ ಕಂಪೆನಿಯವರು 1880ರಲ್ಲಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ತರುವಾಯ, ಈ ನೆಲದಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನವು ತೆಗೆಯಲ್ಪಟ್ಟಿತು. 1894ರಲ್ಲಿ ಗಣಿಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು. ಮುಂದೆ ಅವುಗಳನ್ನು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ನಡೆಸಿತು. ಸುಮಾರು 3,200 ಮೀಟರುಗಳಷ್ಟು ಆಳಕ್ಕೆ ಇಳಿದ ಮೇಲೆ, ದೊರೆಯುವ ಚಿನ್ನಕ್ಕಿಂತ ತೆಗೆಯುವ ಖರ್ಚೇ ಅಧಿಕವಾಗಲು, 2001ನೆಯ ಫೆಬ್ರವರಿ 28ರಂದು ಕೆಲಸವು ನಿಂತುಹೋಯಿತು. ಆ ಬಳಿಕ ಅಲ್ಲಿನ ಅನೇಕ ಕುಟುಂಬದವರು ಕೂಲಿಗಾಗಿಯೂ ನೌಕರಿಗಾಗಿಯೂ ಪ್ರತಿದಿನ ನಸುಕಿನಲ್ಲೆದ್ದು ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗಬೇಕಾಯಿತು. ಚಿನ್ನವು ಹೊರಕ್ಕೆ ಹೋಯಿತು. ಊರಿನಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು ಮತ್ತು ಗಾಳಿಗಾಲದಲ್ಲಿ ಅವುಗಳಿಂದ ಏಳುವ ಧೂಳು.

ಯಾತ್ರಿಕರ ವಿಷಯದಲ್ಲಿ ನಾವು ಮರೆಯಬಾರದ ಪಾಠವು ಇದೇ. ಬರುವ ಜನರನ್ನು ಗಣಿಯಂತೆ ಭಾವಿಸಿ, ಸಿಕ್ಕಿದಷ್ಟನ್ನು ಒಮ್ಮೆಗೇ ಬಾಚಿಕೊಳ್ಳಲು ಹೊರಟಲ್ಲಿ ಬೆಟ್ಟವೂ ಕೆಡುವುದು, ಜನರೂ ಬಾರದಾಗುವರು. ಹೊಲದಂತೆ ಭಾವಿಸಿ, ಗೊಬ್ಬರ ನೀರುಗಳನ್ನು ಎಣಿಸಿ ಬೇಸಾಯ ಮಾಡಿದರೆ ಫಲವು ಮಕ್ಕಳ ಕಾಲಕ್ಕೂ ಉಳಿಯುವುದು.

ಸೀಮೆಯ ಯಾತ್ರಾಸ್ಥಳಗಳು

ಯಾತ್ರಿಕರನ್ನು ಹೊಸದಾಗಿ ಕರೆತರಬೇಕಾದ ಅಗತ್ಯವು ನಮಗಿಲ್ಲ. ಅವರು ಆಗಲೇ ಬರುತ್ತಿರುವರು. ಗಣಿಯ ಪಟ್ಟಣಕ್ಕೆ ಸಮೀಪದ ಕಮ್ಮಸಂದ್ರದಲ್ಲಿ 1980ರಲ್ಲಿ ಆರಂಭವಾದ ಕೋಟಿಲಿಂಗೇಶ್ವರ ಕ್ಷೇತ್ರದಲ್ಲಿ 108 ಅಡಿ ಎತ್ತರದ ಲಿಂಗವಿದ್ದು, ಶಿವರಾತ್ರಿಯಲ್ಲಿ ಅಪಾರ ಜನಸಂದಣಿ ಸೇರುವುದು. ಗುಟ್ಟಹಳ್ಳಿಯ ಬಂಗಾರು ತಿರುಪತಿಗೂ, ನೊಳಂಬರ ಕಾಲದ ದೇಗುಲಗಳಿರುವ ಆವನಿಗೂ, ಕುರುಡುಮಲೆಯ ವಿನಾಯಕನ ಸನ್ನಿಧಿಗೂ ಭಕ್ತರು ಬರುವರು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವು. ಅದರ ಬಳಿಯಲ್ಲೇ ಮಾರ್ಕಂಡೇಯ ಜಲಾಶಯವಿದೆ. ಕೋಲಾರದ ಬೆಟ್ಟದ ಮೇಲೆ ಅಂತರಗಂಗೆಯ ಬುಗ್ಗೆಯು ಕಲ್ಲಿನ ಬಸವನ ಬಾಯಿಂದ ಹರಿಯುತ್ತಿದೆ. ಆ ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿ ಮೊದಲಾದ ಗ್ರಾಮಗಳಲ್ಲಿ ಒಕ್ಕಲು ಮಕ್ಕಳು ವ್ಯವಸಾಯ ಮಾಡಿಕೊಂಡು ಬಾಳುತ್ತಿದ್ದಾರೆ.

ಹಣವು ಊರಿನಲ್ಲಿ ನಿಲ್ಲುವ ಬಗೆ

ಯಾತ್ರಿಕನು ಕಾರಖಾನೆಯ ಪಾನೀಯದ ಒಂದು ಸೀಸೆಯನ್ನು ಕೊಂಡನೆಂದರೆ, ಅಂಗಡಿಯವನಿಗೆ ಅಲ್ಪ ಲಾಭವು ದೊರೆತು, ಉಳಿದ ಹಣವು ಹೊರಗಣ ಕಾರಖಾನೆಗೆ ಸೇರುವುದು. ಬರಿದಾದ ಪ್ಲಾಸ್ಟಿಕ್ ಸೀಸೆಯು ಮಾತ್ರ ಊರಿಗೆ ಉಳಿಯುವುದು. ಅವನೇ ಒಂದು ಎಳನೀರನ್ನೋ ಮಜ್ಜಿಗೆಯನ್ನೋ ಕುಡಿದನೆಂದರೆ, ಹಣವು ತೋಟದವನಿಗೂ ಹಸು ಸಾಕಿದವಳಿಗೂ ಸಲ್ಲುವುದು. ಬುರುಡೆಯು ಒಣಗಿದ ಮೇಲೆ ಒಲೆಗೆ ಸೌದೆಯಾಗುವುದು. ಯಾತ್ರಿಕರಿಂದಾಗುವ ಲಾಭನಷ್ಟದ ಲೆಕ್ಕವೆಲ್ಲವೂ ಈ ಭೇದದಲ್ಲಿ ಅಡಗಿದೆ.

ಸಣ್ಣ ಊರಿನ ಪದಾರ್ಥವು ದೊಡ್ಡ ಹೆಸರು ಗಳಿಸಲಾರದೆಂದು ಶಂಕಿಸುವವರಿಗೆ ಬಂಗಾರಪೇಟೆಯ ಪಾನಿಪುರಿಯೇ ಉತ್ತರವು. ಬಣ್ಣವಿಲ್ಲದ ತಿಳಿನೀರಿನ ಈ ತಿಂಡಿಯು ತನ್ನ ಊರಿನ ಹೆಸರನ್ನೇ ಹೊತ್ತು ಬೆಂಗಳೂರಿನ ಬೀದಿಬೀದಿಗಳ ಫಲಕಗಳ ಮೇಲೆ ಏರಿದೆ. ಇದಕ್ಕೆ ದೊಡ್ಡ ಬಂಡವಾಳವೇನೂ ಬೇಕಾಗಲಿಲ್ಲ. ಬೇರೆಲ್ಲಿಯೂ ಇಲ್ಲದ ಒಂದು ರುಚಿಯೇ ಇದರ ಬಂಡವಾಳವು. ರಾಗಿಯ ಹುರಿಹಿಟ್ಟು, ಅವರೆಕಾಳಿನ ಸಾರಿನೊಡನೆ ಮುದ್ದೆ, ಶ್ರೀನಿವಾಸಪುರದ ಮಾವು, ಹುಣಸೆ, ಟೊಮೆಟೊ ಇವೆಲ್ಲವೂ ನಮ್ಮ ನೆಲದವೇ ಆಗಿರುವಾಗ, ಯಾತ್ರಿಕನು ನಮ್ಮ ಊರಿನಲ್ಲಿ ದೂರದ ಕಾರಖಾನೆಯ ಪೊಟ್ಟಣವನ್ನು ಕೊಳ್ಳಬೇಕಾಗಿ ಬರುವುದು ವಿಷಾದಕರವು.

ನೆರೆಯ ಕೇರಳದಲ್ಲಿ 2008ರ ಸುಮಾರಿಗೆ ಕುಮರಕಂ, ತೇಕ್ಕಡಿ, ವಯನಾಡು, ಕೋವಳಂಗಳಲ್ಲಿ ಜವಾಬ್ದಾರಿಯುತ ಪ್ರವಾಸವೆಂಬ ಕ್ರಮವು ಆರಂಭವಾಯಿತು. ಇವುಗಳಲ್ಲಿ ತೇಕ್ಕಡಿಯೂ ವಯನಾಡೂ ನಮ್ಮಂತೆಯೇ ಬೆಟ್ಟದ ಸೀಮೆಗಳು. ಕುಮರಕಂನ ಹೋಟೆಲುಗಳು ತಮಗೆ ಬೇಕಾದ ತರಕಾರಿ ಮುಂತಾದುವನ್ನು ಕುಟುಂಬಶ್ರೀ ಎಂಬ ಸ್ತ್ರೀಯರ ಸಂಘಗಳಿಂದಲೂ ಸ್ಥಳೀಯ ರೈತರಿಂದಲೂ ಕೊಳ್ಳುವಂತೆ ಏರ್ಪಾಡಾಯಿತು. ಯಾವ ತಿಂಗಳಿಗೆ ಯಾವ ಕಾಯಿಪಲ್ಯ ಎಷ್ಟು ಬೇಕೆಂಬುದನ್ನು ಮೊದಲೇ ತಿಳಿದು ಬಿತ್ತನೆ ಮಾಡುವುದೂ, ಬೆಲೆಯನ್ನು ಉಭಯರೂ ಕೂತು ಗೊತ್ತುಮಾಡುವುದೂ ಈ ಕ್ರಮದ ಜೀವಾಳವು.

ನೀರಿನ ವಿಚಾರ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯು ರಾಜಕಾಲುವೆಗಳ ಮೂಲಕ ಕೆರೆಗೂ, ಕೋಡಿ ಹರಿದು ಮುಂದಿನ ಕೆರೆಗೂ ಸೇರುವುದೇ ನಮಗೆ ಆಧಾರವು. ಗಣಿಯ ಪಟ್ಟಣಕ್ಕೂ ಪಾಲಾರಿನ ಬೇತಮಂಗಲದ ಕೆರೆಯಿಂದಲೇ ನೀರನ್ನು ಏರಿಸಬೇಕಾಯಿತು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಗಳಲ್ಲಿ ತಂದು ನಮ್ಮ ಕೆರೆಗಳನ್ನು ತುಂಬಿಸುವ ಸ್ಥಿತಿಯೊದಗಿರುವುದನ್ನು ನೋಡಿದರೆ, ಬೆಟ್ಟದ ಒಂದೊಂದು ಹನಿಗೂ ಇರುವ ಬೆಲೆಯು ತಿಳಿಯುವುದು. ಹೀಗಿರುವಲ್ಲಿ ಯಾತ್ರಿಕರು ಬಿಸುಟ ಪ್ಲಾಸ್ಟಿಕ್ಕು ರಾಜಕಾಲುವೆಯನ್ನೂ ತೂಬನ್ನೂ ಕಟ್ಟಿಬಿಟ್ಟರೆ, ಬೆಟ್ಟದ ಮೇಲೆ ಒಂದು ದಿನ ನಡೆದ ಜಾತ್ರೆಯ ದಂಡವನ್ನು ಅಚ್ಚುಕಟ್ಟಿನ ರೈತನು ವರ್ಷವಿಡೀ ತೆರಬೇಕಾಗುವುದು. ಬೆಟ್ಟವನ್ನು ಒಡೆದು ಕಲ್ಲು ಮಾರುವವರಿಗೂ ಈ ಮಾತು ಸಲ್ಲತಕ್ಕದ್ದು.

ಗ್ರಾಮಮುಖಂಡರು ಮಾಡತಕ್ಕ ಕೆಲಸಗಳು

1. ಲೆಕ್ಕವಿಡುವುದು. ಒಂದು ವರ್ಷದವರೆಗೆ ಭಾನುವಾರ, ಹಬ್ಬ, ಜಾತ್ರೆಗಳಲ್ಲಿ ಬರುವ ಜನರೆಷ್ಟು, ಅವರು ಏನನ್ನು ಕೇಳುವರು, ಎಲ್ಲಿ ಕೊಳ್ಳುವರು ಎಂಬುದನ್ನು ಶಾಲೆಯಲ್ಲಿ ಓದಿದ ಯುವಕರಿಂದ ಬರೆಯಿಸಿಡಬೇಕು. ಲೆಕ್ಕವಿಲ್ಲದೆ ಹೂಡಿದ ಬಂಡವಾಳವು ಹದವಿಲ್ಲದೆ ಬಿತ್ತಿದ ಬೀಜದಂತೆ ವ್ಯರ್ಥವಾದೀತು.

2. ಬೆಳೆಗಾರರು ಕೂಡುವುದು. ಹತ್ತಿಪ್ಪತ್ತು ಮಂದಿ ಬೆಳೆಗಾರರು ಸೇರಿ, ಬೇಸಗೆಗೆ ಎಳನೀರು, ಕರಬೂಜ ಮತ್ತು ಮಾವು, ಮಳೆಗಾಲದ ಕೊನೆಗೆ ಸೀತಾಫಲ, ಚಳಿಗಾಲಕ್ಕೆ ಅವರೆ ಎಂದು ಋತುಮಾನಕ್ಕನುಸಾರ ಹಂಚಿಕೊಂಡರೆ ಎಲ್ಲರ ಪದಾರ್ಥವೂ ಒಮ್ಮೆಗೇ ಬಂದು ಬೆಲೆ ಕುಸಿಯುವುದು ತಪ್ಪುವುದು. ಶಿವಾಲಯಗಳಿರುವಲ್ಲಿ ಬಿಲ್ವದ ಗಿಡಗಳನ್ನೂ ಹೂವನ್ನೂ ಬೆಳೆಯುವುದು ಲಾಭಕರವು.

3. ಪದಾರ್ಥವನ್ನು ಮಾರ್ಪಡಿಸುವುದು. ಬೆಲೆಯಿಲ್ಲದಾಗ ಟೊಮೆಟೊವನ್ನು ರಸ್ತೆಗೆ ಸುರಿಯುವ ದುಃಖವನ್ನು ಕಂಡ ಸೀಮೆ ನಮ್ಮದು. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಟೊಮೆಟೊವೇ ಗೊತ್ತಾಯಿತು. ಯಂತ್ರಾದಿಗಳ ಖರ್ಚಿನಲ್ಲಿ ನೂರಕ್ಕೆ 35 ಪಾಲನ್ನು, 10 ಲಕ್ಷ ರೂಪಾಯಿಗಳಿಗೆ ಮೀರದಂತೆ, ಸಹಾಯಧನವಾಗಿ ಕೊಡುವ ನಿಯಮವು ಅದರಲ್ಲಿ ಮಾಡಲ್ಪಟ್ಟಿತು. ಇಂಥ ನೆರವುಗಳಲ್ಲಿ ಈಗ ಯಾವುದು ಲಭ್ಯವೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಉಪ್ಪಿನಕಾಯಿ, ಹಪ್ಪಳ, ಹುರಿಹಿಟ್ಟುಗಳ ಕೆಲಸಕ್ಕೆ ಊರಿನ ಸ್ತ್ರೀಶಕ್ತಿ ಸಂಘಗಳೇ ಯೋಗ್ಯವಾದುವು.

4. ತಂಗಲು ಎಡೆ ಕೊಡುವುದು. ಹೊಸ ಕಟ್ಟಡವನ್ನು ಕಟ್ಟುವುದಕ್ಕೆ ಮುಂಚೆ, ದೊಡ್ಡ ಮನೆಗಳಲ್ಲಿ ಬರಿದಾಗಿರುವ ಕೋಣೆಗಳನ್ನು ಶುಚಿಗೊಳಿಸಿ, ಪಾಯಿಖಾನೆಯ ಅನುಕೂಲ ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ದಾಖಲು ಮಾಡಿಸಿ ಅತಿಥಿಗಳಿಗೆ ಕೊಡಬಹುದು. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಮಂದಿಗೆ ಸಾಕಾಗುವುದೋ ಅಷ್ಟು ಮಂದಿಗೆ ಮಾತ್ರ ಎಡೆಯಿರತಕ್ಕದ್ದು. ಅತಿಥಿಗಳಿಗಾಗಿ ಹೊಸ ಕೊಳವೆಬಾವಿ ತೋಡುವುದು ನೆರೆಹೊಲದವನ ನೀರನ್ನು ಕಿತ್ತುಕೊಂಡಂತೆಯೇ ಸರಿ. ಕಾಮಸಮುದ್ರದ ಕಡೆಯ ಊರುಗಳಿಗೆ ಕಾಡಾನೆಗಳು ಬರುವುದರಿಂದ, ಅಲ್ಲಿ ಅತಿಥಿಗಳನ್ನು ಕತ್ತಲಲ್ಲಿ ತಿರುಗಾಡಲು ಬಿಡಕೂಡದು.

5. ಬೆಟ್ಟದ ಶುಚಿ. ಊಟಕ್ಕೆ ಮುತ್ತುಗದ ಎಲೆಯನ್ನೇ ಬಳಸಿದರೆ ಬಡವರಿಗೆ ಎಲೆ ಹಚ್ಚುವ ಕೆಲಸವೂ ತಿಪ್ಪೆಗೆ ಗೊಬ್ಬರವೂ ದೊರೆಯುವುದು. ವಾಹನ ನಿಲ್ಲಿಸುವ ಸ್ಥಳದಲ್ಲಿ ಗ್ರಾಮ ಪಂಚಾಯತಿಯು ಪಡೆಯುವ ಶುಲ್ಕದ ಒಂದು ಗೊತ್ತಾದ ಪಾಲನ್ನು ರಾಜಕಾಲುವೆಯ ಹೂಳೆತ್ತುವುದಕ್ಕೂ ಬೆಟ್ಟದ ಬುಡದಲ್ಲಿ ಹೊಂಗೆ, ನೇರಳೆ, ಹುಣಸೆಗಳನ್ನು ನೆಡುವುದಕ್ಕೂ ಮೀಸಲಿಟ್ಟು, ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಹೇಳಬೇಕು.

ಭೂಮಿಯ ವಿಷಯದಲ್ಲಿ ಒಂದು ಎಚ್ಚರಿಕೆ

ವ್ಯವಸಾಯಗಾರರಲ್ಲದವರು ಸಾಗುವಳಿ ಜಮೀನನ್ನು ಕೊಳ್ಳಬಾರದೆಂಬ ನಿರ್ಬಂಧವು 2020ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ ತೆಗೆದುಹಾಕಲ್ಪಟ್ಟಿದೆ. ಯಾತ್ರಾಸ್ಥಳದ ದಾರಿಯಲ್ಲಿರುವ ಹೊಲಕ್ಕೆ ಹೊರಗಿನವರು ಒಳ್ಳೆಯ ಬೆಲೆ ಕೊಡಲು ಮುಂದೆ ಬರುವರು. ಆ ಹಣವು ಒಂದು ಮದುವೆಗೋ ಒಂದು ವಾಹನಕ್ಕೋ ಕರಗಿಹೋದ ಮೇಲೆ, ಒಡೆಯನಾಗಿದ್ದವನ ಮಗನು ಅದೇ ನೆಲದಲ್ಲೆದ್ದ ವಿಹಾರಗೃಹದ ಬಾಗಿಲು ಕಾಯುವ ಕೆಲಸಕ್ಕೆ ಸೇರುವ ಸಂಭವವುಂಟು. ಆದಕಾರಣ ಭೂಮಾಲಿಕರು ಮಾರಾಟಕ್ಕೆ ಆತುರಪಡದೆ, ತಾವೇ ಕೂಡಿ ಅಂಗಡಿ, ಊಟದ ಮನೆಗಳನ್ನು ನಡೆಸುವುದನ್ನಾಗಲಿ, ಅವಧಿಯನ್ನೂ ನೀರಿನ ಬಳಕೆಯ ಮಿತಿಯನ್ನೂ ಬರೆದಿಟ್ಟು ಕಾನೂನಿಗನುಸಾರವಾಗಿ ಗುತ್ತಿಗೆಗೆ ಕೊಡುವುದನ್ನಾಗಲಿ ಮೊದಲು ಆಲೋಚಿಸಬೇಕು.

ಈ ಕೆಲಸಗಳಲ್ಲಿ ಯಾವುದೂ ಒಬ್ಬನಿಂದ ಆಗತಕ್ಕದ್ದಲ್ಲ. ಹೆಚ್ಚು ಖರ್ಚಿನದೂ ಅಲ್ಲ. ಮುಂದಿನ ಶಿವರಾತ್ರಿಗೆ ಮುಂಚೆ ಪ್ರತಿಯೊಂದು ಯಾತ್ರಾಸ್ಥಳದ ಗ್ರಾಮದವರೂ ಒಮ್ಮೆ ಸಭೆ ಸೇರಿ, ಮೊದಲನೆಯ ಮತ್ತು ಐದನೆಯ ಕೆಲಸಗಳನ್ನಾದರೂ ಆರಂಭಿಸುವರೆಂದು ಆಶಿಸಲಾಗಿದೆ. ಗಣಿಯ ಕಾಲದಲ್ಲಿ ನಮ್ಮ ನೆಲದ ಐಶ್ವರ್ಯದ ಲೆಕ್ಕವನ್ನು ಇತರರು ಬರೆದರು. ಬೆಟ್ಟದ ಲೆಕ್ಕವನ್ನು ಗ್ರಾಮಸ್ಥರೇ ಬರೆದುಕೊಳ್ಳುವುದು ಮೇಲು.