ಬಾಯಾರಿದ ನದಿಯ ಹಾಡು

ವಾಚಕರೇ, ನದಿಯೊಂದಕ್ಕೆ ‘ಬಾಯಾರಿದವಳು’ ಎಂದು ಹೆಸರಿಟ್ಟರೆ ನಮ್ಮ ಆಲಂಕಾರಿಕರು ಅದನ್ನು ವಿರೋಧಾಭಾಸವೆಂದಾರು. ಬೆಂಗಳೂರಿನ ‘ಸ್ವರಾತ್ಮ’ ಎಂಬ ವಾದ್ಯತಂಡ 2009ರಲ್ಲಿ ಹೊರತಂದ ತನ್ನ ಮೊದಲ ಗೀತಸಂಪುಟದಲ್ಲಿ ‘ಪ್ಯಾಸಿ’ ಎಂಬ ಹಿಂದಿ ಹಾಡಿದೆ. ಹೆಸರಿನ ಅರ್ಥ ಅದೇ; ವಿಷಯ ನಮ್ಮ ಕಾವೇರಿ. ‘ಈ ಭೂಮಿ’ ಎಂಬ ಕನ್ನಡ ಹಾಡೂ ಅದರಲ್ಲಿದೆ. (ಸ್ವರ, ಆತ್ಮ ಸೇರಿ ಸ್ವರಾತ್ಮ, ಸವರ್ಣದೀರ್ಘ ಸಂಧಿ. ಪಂಡಿತನಿಗೆ ಇಷ್ಟು ಸಾಕು, ಹಾಡು ಕೇಳಲು ಕುಳಿತುಬಿಡುತ್ತಾನೆ.)

ಗಿಟಾರು, ಡ್ರಮ್ಮುಗಳ ಗದ್ದಲವೆಂದು ರೇಡಿಯೋ ಆರಿಸಬೇಡಿ. 1960ರ ದಶಕದಲ್ಲಿ ಅಮೆರಿಕದ ನೀಗ್ರೋ ಗಾಯಕ ಜೇಮ್ಸ್ ಬ್ರೌನ್ ರೂಢಿಗೆ ತಂದ ‘ಫಂಕ್’ ಎಂಬ ಶೈಲಿಯಲ್ಲಿ ತಾಳದ ಮೊದಲ ಪೆಟ್ಟಿಗೇ ಭಾರವೆಲ್ಲ. ಮಂದ್ರದ ತಂತಿವಾದ್ಯವಾದ ಬೇಸ್ ಗಿಟಾರು ಆ ಪೆಟ್ಟನ್ನು ಡ್ರಮ್ಮಿನೊಡನೆ ಹಿಡಿದಿಡುತ್ತದೆ. ನಮ್ಮ ತಮಟೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸ್ವರಾತ್ಮದವರದು ಅಚ್ಚ ಫಂಕ್ ಅಲ್ಲ, ಜನಪದ ಬೆರೆತ ರಾಕ್. ಆದರೂ ಕಾಲು ತಾಳ ಹಾಕುತ್ತಿರುವಾಗಲೇ ಕಿವಿಗೆ ಕಟುಮಾತು ಹೇಳುವ ಉಪಾಯ ಇಬ್ಬರದೂ ಒಂದೇ. ಗಾಯಕ ವಾಸು ದೀಕ್ಷಿತರು ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿಕೊಂಡು ವೇದಿಕೆಗೆ ಬರುವುದುಂಟು. ನಮ್ಮ ಜಾತ್ರೆಯ ಕೀಲುಕುದುರೆಯನ್ನು ಕಂಡವರಿಗೆ ಇದೇನು ಹೊಸದು!

ಕಾವೇರಿಯ ಹಾಡಿಗೂ ರಾಬರ್ಟ್‌ಸನ್‌ಪೇಟೆಗೂ ಏನು ನಂಟು ಎನ್ನುವಿರಾ? 1902ರಲ್ಲಿ ಶಿವನಸಮುದ್ರದಲ್ಲಿ ಅದೇ ಕಾವೇರಿ ಧುಮುಕಿ ಹುಟ್ಟಿಸಿದ ವಿದ್ಯುತ್ತು ಸುಮಾರು 92 ಮೈಲಿ ಹರಿದು ನಮ್ಮ ಚಿನ್ನದ ಗಣಿಗಳನ್ನು ನಡೆಸಿತು. ಬೆಂಗಳೂರಿಗಿಂತ ಮೊದಲು ಬೆಳಕು ಕಂಡ ಊರು ನಮ್ಮದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಅದಿರನ್ನು ಅರೆದು ಸೈನೈಡಿನಲ್ಲಿ ತೊಳೆದ ಮೇಲೆ ಉಳಿದ ನುಣ್ಣನೆಯ ಪುಡಿ ಕೋಟಿಗಟ್ಟಲೆ ಟನ್ನು ಗುಡ್ಡಗಳಾಗಿ ಇಲ್ಲೇ ನಿಂತಿತು. ಆಷಾಢದ ಗಾಳಿಗೆ ಅದು ನಮ್ಮ ಅನ್ನದ ತಟ್ಟೆಯವರೆಗೂ ಬರುತ್ತದೆ. ಮಳೆ ಬಂದರೆ ಹರಿದು ಹೊಲ, ಹಳ್ಳ ಸೇರುತ್ತದೆ.

‘ಪ್ಯಾಸಿ’ಯನ್ನು ಹತ್ತನೆಯ ತರಗತಿಯಲ್ಲಿ ಕೇಳಿಸಿದೆ. ಹಿಂದಿನ ಬೆಂಚಿನ ಹುಡುಗ ಎದ್ದು, “ಸಾರ್, ಸೈನೈಡ್ ಗುಡ್ಡದ ಮೇಲೆ ಹಾಡು ಇಲ್ವಾ?” ಎಂದ. “ನೀನೇ ಬರೆಯಪ್ಪ” ಎಂದೆ. ಮಾರನೆಯ ದಿನ ನಾಲ್ಕು ಸಾಲು ತಂದ, ಅರ್ಧ ಕನ್ನಡ, ಅರ್ಧ ತಮಿಳು. ಛಂದಸ್ಸು ಕೆಟ್ಟಿತ್ತು. ನಾನು ತಿದ್ದಲಿಲ್ಲ.