ಬೆಲೆಯಿಲ್ಲದ ಸರಕಿನ ಪೈಪೋಟಿ: ಬ್ರೌಸರುಗಳ ಅರ್ಥವ್ಯವಸ್ಥೆ

ಸ್ಪರ್ಧೆಯೆಂದೊಡನೆ ಅರ್ಥಶಾಸ್ತ್ರದ ಪ್ರಾರಂಭಿಕ ಪಾಠಗಳಲ್ಲಿ ಬೆಲೆಯ ಮಾತು ಬರುತ್ತದೆ. ಮಾರುವವರು ಅನೇಕರಿದ್ದಲ್ಲಿ ಬೆಲೆ ಇಳಿಯುವುದೆಂದೂ ಒಬ್ಬನೇ ಇದ್ದಲ್ಲಿ ಏರುವುದೆಂದೂ ವಿದ್ಯಾರ್ಥಿಗಳು ಕಲಿತಿರುತ್ತಾರೆ. ಆದರೆ ಜಾಲಪುಟಗಳನ್ನು ಓದಲು ನಾವೆಲ್ಲರೂ ದಿನವೂ ಬಳಸುವ ಬ್ರೌಸರೆಂಬ ಸಾಧನಕ್ಕೆ ಬೆಲೆಯೇ ಇಲ್ಲ. ಕ್ರೋಮ್, ಸಫಾರಿ, ಎಡ್ಜ್, ಫೈರ್‌ಫಾಕ್ಸ್ ಇವುಗಳಲ್ಲಿ ಯಾವುದಕ್ಕೂ ಓದುಗನು ಕಾಸು ತೆರುವುದಿಲ್ಲ. ಆದಾಗ್ಯೂ ಇವುಗಳ ಸುತ್ತಲಿನ ಪೈಪೋಟಿಯು ಅಮೆರಿಕದಲ್ಲಿ ಎರಡು ಬಾರಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಬಿಟ್ಟಿಯಾಗಿ ದೊರೆಯುವ ಸರಕಿಗಾಗಿ ಇಷ್ಟು ಕಾದಾಟವೇಕೆ, ಅದನ್ನು ತಯಾರಿಸುವ ವೆಚ್ಚವನ್ನು ಹೊರುವವರು ಯಾರು, ಹೊರುವವರ ಹಿತಾಹಿತಗಳು ಸರಕಿನ ಗುಣದ ಮೇಲೆ ಹೇಗೆ ಪರಿಣಮಿಸುತ್ತವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇವೆ.

ಜಾಲವು ಹುಟ್ಟಿದ್ದು ಸಂಶೋಧನಾಲಯದಲ್ಲಿಯೇ ಹೊರತು ಅಂಗಡಿಯಲ್ಲಲ್ಲ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಮೊದಲ ಬ್ರೌಸರನ್ನು ರಚಿಸಿದರು; 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಜಾಲದ ತಂತ್ರಾಂಶವನ್ನು ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾನಿಲಯದ ಕೇಂದ್ರವೊಂದರಿಂದ ಮೊಸಾಯಿಕ್ ಹೊರಬಂದಿತು. ಬ್ರೌಸರನ್ನು ಸರಕಾಗಿ ಮಾರಿ ದೊಡ್ಡದಾಗಿ ಬೆಳೆದ ಮೊದಲ ಕಂಪನಿಯೆಂದರೆ 1994ರಲ್ಲಿ ಸ್ಥಾಪಿತವಾದ ನೆಟ್‌ಸ್ಕೇಪ್. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಬಿಟ್ಟಿ, ವ್ಯಾಪಾರ ಸಂಸ್ಥೆಗಳಿಗೆ ಬೆಲೆ ಎಂಬುದು ಅದರ ನೀತಿಯಾಗಿತ್ತು. 1995ರ ಆಗಸ್ಟ್ 9ರಂದು ಅದರ ಷೇರು 28 ಡಾಲರಿಗೆ ಮಾರುಕಟ್ಟೆಗೆ ಬಂದು ಸಂಜೆಯ ಹೊತ್ತಿಗೆ 58 ಡಾಲರನ್ನು ದಾಟಿತ್ತು. ಅದುವರೆಗೆ ಆ ಕಂಪನಿ ಲಾಭದ ಮುಖವನ್ನೇ ಕಂಡಿರಲಿಲ್ಲ.

ಆ ತಿಂಗಳಲ್ಲಿಯೇ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಿತು. ಅದರ ಮೂಲವನ್ನು ಸ್ಪೈಗ್ಲಾಸ್ ಎಂಬ ಸಣ್ಣ ಕಂಪನಿಯಿಂದ ಪರವಾನಗಿ ಪಡೆದು ತಂದದ್ದು. ಗಳಿಕೆಯಲ್ಲಿ ಪಾಲು ದೊರೆಯುವುದೆಂಬುದು ಸ್ಪೈಗ್ಲಾಸಿನ ಆಸೆ. ಬ್ರೌಸರನ್ನು ವಿಂಡೋಸಿನೊಡನೆ ಬಿಟ್ಟಿಯಾಗಿ ಹಂಚಿದ ಮೇಲೆ ಪಾಲೆಲ್ಲಿಯದು? ಆ ತಕರಾರು 1997ರಲ್ಲಿ 80 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಮೈಕ್ರೋಸಾಫ್ಟಿನ ಔದಾರ್ಯಕ್ಕೆ ಕಾರಣ ಬೇರೆಯಿತ್ತು. ಎಲ್ಲ ಕೆಲಸಗಳೂ ಬ್ರೌಸರಿನೊಳಗೇ ನಡೆಯುವಂತಾದರೆ ಕೆಳಗಿರುವ ಗಣಕವ್ಯವಸ್ಥೆ ಯಾರದೆಂಬುದು ಮುಖ್ಯವಾಗುವುದಿಲ್ಲ. ವಿಂಡೋಸಿನ ಗಳಿಕೆಗೆ ಆಗ ಕುತ್ತು. ಆದುದರಿಂದ ಬ್ರೌಸರಿನ ವೆಚ್ಚವು ಕೋಟೆಯ ಕಾವಲಿನ ವೆಚ್ಚವೇ ಆಗಿತ್ತು. ಅಮೆರಿಕದ ಸರ್ಕಾರ 1998ರ ಮೇ ತಿಂಗಳಲ್ಲಿ ಮೊಕದ್ದಮೆ ಹೂಡಿತು. ಕಂಪನಿಯನ್ನು ಒಡೆಯಬೇಕೆಂಬ 2000ದ ಆಜ್ಞೆಯನ್ನು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ತಳ್ಳಿಹಾಕಿತಾದರೂ, ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿತೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಎಓಎಲ್ ಕಂಪನಿಯ ವಶವಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗೆದ್ದ ಮೈಕ್ರೋಸಾಫ್ಟ್ ಬೆಲೆಯನ್ನು ಏರಿಸಲಿಲ್ಲ, ಕೆಲಸವನ್ನು ನಿಲ್ಲಿಸಿತು. ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ 2001ರಲ್ಲಿ ಬಂದರೆ 7ನೆಯದು ಬಂದದ್ದು 2006ರಲ್ಲಿ. ಬೆಲೆಯಿಲ್ಲದ ಸರಕಿನಲ್ಲಿ ಏಕಸ್ವಾಮ್ಯದ ಕೇಡು ಜಡತೆಯ ರೂಪದಲ್ಲಿ ತೋರುತ್ತದೆ. ಕನ್ನಡ ಓದುಗರಿಗೂ ಇದರ ಅನುಭವ ತಟ್ಟಿದೆ. ಆ ವರ್ಷಗಳಲ್ಲಿ ಕನ್ನಡದ ಹಲವು ಜಾಲಪುಟಗಳು ಯೂನಿಕೋಡನ್ನು ಅನುಸರಿಸದೆ ತಮ್ಮದೇ ಫಾಂಟುಗಳನ್ನು ಬಳಸುತ್ತಿದ್ದುವು. ಫಾಂಟನ್ನು ಪುಟದೊಡನೆಯೇ ಓದುಗನಿಗೆ ತಲಪಿಸುವ ಮೈಕ್ರೋಸಾಫ್ಟಿನ ಏರ್ಪಾಡು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಅದನ್ನು ನೆಚ್ಚಿದ ಪುಟವನ್ನು ಬೇರೆ ಬ್ರೌಸರಿನಲ್ಲಿ ತೆರೆದವನಿಗೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು.

ಜಡತೆಯನ್ನು ಮುರಿದದ್ದು ನೆಟ್‌ಸ್ಕೇಪಿನ ಬೂದಿಯಿಂದ ಎದ್ದ ಮೊಜಿಲ್ಲಾ. 2004ರ ನವೆಂಬರಿನಲ್ಲಿ ಅದರ ಫೈರ್‌ಫಾಕ್ಸ್ ಹೊರಬಂದಿತು. ಲಾಭವನ್ನು ಬಯಸದ ಪ್ರತಿಷ್ಠಾನಕ್ಕೂ ಎಂಜಿನಿಯರುಗಳಿಗೆ ಸಂಬಳ ಕೊಡದೆ ತೀರದಷ್ಟೆ. ನಾರ್ವೆಯ ಒಪೆರಾ ಮೊದಲು ಬೆಲೆಗೆ ಮಾರಿ, 2000ದಿಂದ ಜಾಹೀರಾತುಗಳನ್ನು ತೋರಿಸಿ, 2005ರಲ್ಲಿ ಅದನ್ನೂ ಬಿಟ್ಟಿತ್ತು. ಇಬ್ಬರಿಗೂ ದಾರಿ ತೋರಿದ್ದು ಬ್ರೌಸರಿನ ಮೂಲೆಯಲ್ಲಿದ್ದ ಹುಡುಕುವ ಚೌಕ. ಅಲ್ಲಿ ಬರೆದ ಪದ ಯಾರ ಶೋಧನ ಸೇವೆಗೆ ಹೋಗುವುದೋ ಅವರು ಜಾಹೀರಾತಿನ ಗಳಿಕೆಯಲ್ಲಿ ಪಾಲು ಕೊಡುತ್ತಾರೆ. ಬ್ರೌಸರು ಅಂದಿನಿಂದ ಹೆಬ್ಬಾಗಿಲಾಯಿತು. ಬಾಗಿಲಿನ ಒಡೆಯನು ಬಾಡಿಗೆ ಎತ್ತತೊಡಗಿದನು. ಈ ಬಾಡಿಗೆಯ ಪ್ರಮಾಣ ಸಾಮಾನ್ಯವಲ್ಲ. ಸಫಾರಿಯಲ್ಲಿ ತನ್ನ ಸೇವೆಯೇ ಮೊದಲಿರಬೇಕೆಂದು ಗೂಗಲ್ 2022ರಲ್ಲಿ ಆಪಲ್ ಕಂಪನಿಗೆ ಕೊಟ್ಟ ಹಣ 2,000 ಕೋಟಿ ಡಾಲರ್.

ಬಾಡಿಗೆ ತೆರುವುದಕ್ಕಿಂತ ಮನೆ ಕಟ್ಟುವುದು ಲೇಸೆಂಬಂತೆ ಗೂಗಲ್ 2008ರಲ್ಲಿ ಕ್ರೋಮನ್ನು ತಂದಿತು. ಕ್ರೋಮಿನ ಗುಣಗಳನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ವೇಗ, ಒಂದು ಪುಟ ಕುಸಿದರೆ ಉಳಿದವು ಕುಸಿಯದಂತಹ ರಚನೆ, ದೋಷಗಳನ್ನು ತಾನಾಗಿಯೇ ತಿದ್ದಿಕೊಳ್ಳುವ ಏರ್ಪಾಡು ಇವು ಉಳಿದವರಿಗೂ ಮೇಲ್ಪಂಕ್ತಿಯಾದುವು. ಇದರ ಹೆಚ್ಚಿನ ಭಾಗ ಕ್ರೋಮಿಯಮ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶವಾಗಿದೆ. ಒಪೆರಾ 2013ರಲ್ಲಿಯೂ ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿಯೂ ತಮ್ಮ ಸ್ವಂತ ಎಂಜಿನುಗಳನ್ನು ಕೈಬಿಟ್ಟು ಇದನ್ನೇ ಅವಲಂಬಿಸಿದುವು. ಹೀಗಾಗಿ ಅಂಗಡಿಯ ಮುಂದೆ ಹೆಸರುಗಳು ಹಲವಿದ್ದರೂ, ಪುಟವನ್ನು ರೂಪಿಸುವ ಪ್ರಮುಖ ಎಂಜಿನುಗಳು ಮೂರೇ: ಗೂಗಲಿನ ಬ್ಲಿಂಕ್, ಆಪಲಿನ ವೆಬ್‌ಕಿಟ್, ಮೊಜಿಲ್ಲಾದ ಗೆಕೋ. ಮುಕ್ತವಾಗಿದೆಯಲ್ಲ, ಭಯವೇಕೆ ಎನ್ನುವವರಿದ್ದಾರೆ. ಸಂಬಳ ಕೊಡುವವನು ಒಬ್ಬನೇ ಆದಲ್ಲಿ ದಾರಿಯನ್ನು ಆರಿಸುವವನೂ ಹೆಚ್ಚುಕಡಮೆ ಅವನೇ ಎಂಬುದು ನಮ್ಮ ಉತ್ತರ.

ಕುಕಿಗಳ ಪ್ರಕರಣದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಓದುಗನು ತಾಣದಿಂದ ತಾಣಕ್ಕೆ ಹೋದಂತೆಲ್ಲ ಜಾಹೀರಾತಿನವರು ಅವನ ಬೆನ್ನುಹತ್ತಲು ಬಳಸುವ ಗುರುತುಚೀಟಿಗಳಿವು. ಫೈರ್‌ಫಾಕ್ಸ್ 2019ರಲ್ಲಿ ಹಿಂಬಾಲಕರ ಕುಕಿಗಳನ್ನು ತಾನಾಗಿಯೇ ತಡೆಯತೊಡಗಿತು. ಸಫಾರಿ 2020ರ ಮಾರ್ಚಿನಲ್ಲಿ ಅನ್ಯತಾಣಗಳ ಕುಕಿಗಳಿಗೆ ಪೂರ್ತಿ ಬಾಗಿಲು ಹಾಕಿತು. ಎರಡು ವರ್ಷಗಳಲ್ಲಿ ತಾನೂ ನಿಲ್ಲಿಸುವೆನೆಂದು 2020ರ ಜನವರಿಯಲ್ಲಿ ಸಾರಿದ ಗೂಗಲ್, ಮತ್ತೆ ಮತ್ತೆ ಗಡುವನ್ನು ಮುಂದೂಡಿ, 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಬಿಟ್ಟಿತು. ನ್ಯಾಯವಾಗಿ ಹೇಳುವುದಾದರೆ, ಜಾಹೀರಾತಿನ ಮೇಲೆ ಗೂಗಲಿನ ಹಿಡಿತ ಇನ್ನಷ್ಟು ಬಿಗಿಯಾದೀತೆಂಬ ಆತಂಕದಿಂದ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವೂ ನಡುವೆ ಪ್ರವೇಶಿಸಿತ್ತು. ಆದರೂ ಜಾಹೀರಾತಿನಿಂದ ಬಾಳುವವನ ಬ್ರೌಸರು ತಡವರಿಸಿದಲ್ಲಿ ಉಪಕರಣಗಳನ್ನು ಮಾರಿ ಬಾಳುವವನ ಬ್ರೌಸರು ತಡವರಿಸಲಿಲ್ಲ. ಆಪಲ್ ಕಂಪನಿಯ ಧರ್ಮಬುದ್ಧಿಗೆ ಬೇರೊಂದು ಮಿತಿಯಿದೆ: 2024ರಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿಗೆ ಮಣಿಯುವವರೆಗೆ ಐಫೋನಿನಲ್ಲಿ ಯಾವ ಬ್ರೌಸರಿಗೂ ತನ್ನದಲ್ಲದ ಎಂಜಿನನ್ನು ಬಳಸಲು ಅದು ಎಲ್ಲಿಯೂ ಎಡೆಗೊಟ್ಟಿರಲಿಲ್ಲ.

ಉಳಿದಿರುವುದು ಮೊಜಿಲ್ಲಾ ಒಂದೇ. ಅದರ ಸ್ಥಿತಿಯಾದರೋ ವಿಚಿತ್ರವಾದದ್ದು. ಅದರ ವರಮಾನದ ಬಹುಪಾಲು ಬರುವುದು ಪ್ರತಿಸ್ಪರ್ಧಿಯಾದ ಗೂಗಲಿನ ಬಾಡಿಗೆಯಿಂದಲೇ. 2014ರಲ್ಲಿ ಯಾಹೂ ಕಡೆಗೆ ತಿರುಗಿ ನೋಡಿ, 2017ರಲ್ಲಿ ಅದು ಗೂಗಲಿಗೇ ಮರಳಿತು. ಶೋಧನ ಸೇವೆಯಲ್ಲಿ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆಯೆಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟಿನಲ್ಲಿ ತೀರ್ಪಿತ್ತಾಗ, ಬಾಡಿಗೆಯನ್ನು ನಿಷೇಧಿಸಿದರೆ ಫೈರ್‌ಫಾಕ್ಸ್ ಉಳಿಯುವುದೇ ಕಷ್ಟವೆಂದು ನ್ಯಾಯಾಲಯದ ಮುಂದೆ ವಾದಿಸಿದುದು ಮೊಜಿಲ್ಲಾವೇ. 2025ರ ಸೆಪ್ಟೆಂಬರಿನ ಆದೇಶದಲ್ಲಿ ನ್ಯಾಯಾಧೀಶರು ಕ್ರೋಮನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ಒಪ್ಪಲಿಲ್ಲ. ಇತರರನ್ನು ಹೊರಗಿಡುವ ಕರಾರುಗಳನ್ನು ನಿಷೇಧಿಸಿದರು. ಆದರೆ ಹಣ ಕೊಡುವುದನ್ನು ತಡೆಯಲಿಲ್ಲ. ತಡೆದಲ್ಲಿ ಪಡೆಯುವವರಿಗೇ ಹೆಚ್ಚಿನ ಹಾನಿಯಾಗಬಹುದೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.