ದ್ರವಸ್ಫಟಿಕ, ಮೂತ್ರದ ಪ್ರೋಟೀನ್ ಮತ್ತು ನಮ್ಮ ನೆರವು ನಿಧಿ



ಆಲ್ಕಾಪುರಿಯ ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಓದುವ ಕೆಲಸ ನನ್ನದು. ಡಯಾಲಿಸಿಸ್‌ಗೆ ನೆರವು ಕೋರಿದ ಅರ್ಜಿ ಕಂಡಾಗಲೆಲ್ಲ, ಇದು ಮೊದಲೇ ತಿಳಿಯಬಹುದಿತ್ತೇ ಎಂದು ಯೋಚಿಸುತ್ತೇನೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡತೊಡಗಿದಾಗ ಸಾಮಾನ್ಯವಾಗಿ ನೋವೂ ಇಲ್ಲ, ಊತವೂ ಇಲ್ಲ. ಆದರೆ ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಸ್ವಲ್ಪಸ್ವಲ್ಪವಾಗಿ ಮೂತ್ರಕ್ಕೆ ಸೋರುತ್ತದೆ. ಆ ಸೋರಿಕೆಯನ್ನು ಬೇಗ ಹಿಡಿಯಬೇಕು.

ಪ್ರೋಟೀನ್ ಪತ್ತೆಗೆ ವಿಜ್ಞಾನಿಗಳು ಹುಡುಕುತ್ತಿರುವ ದಾರಿಗಳಲ್ಲಿ ಒಂದು, ಕ್ಯಾಲ್ಕುಲೇಟರ್ ಮತ್ತು ಟಿ.ವಿ. ಪರದೆಗಳಲ್ಲಿರುವ ದ್ರವಸ್ಫಟಿಕವನ್ನೇ ಬಳಸುತ್ತದೆ. ಇದು ದ್ರವದಂತೆ ಹರಿದರೂ ಇದರ ಕಡ್ಡಿಯಂಥ ಅಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕನ್ನಡ ನಾಡಿಗೆ ಇದು ಹೊಸ ವಿಷಯವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸಿದ್ದ ಪ್ರೊ. ಎಸ್. ಚಂದ್ರಶೇಖರ್ ಅವರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು ಸಂಗಡಿಗರೊಡನೆ ತೋರಿಸಿ ಜಗತ್ತಿನ ಗಮನ ಸೆಳೆದರು.

ಪತ್ತೆ ನಡೆಯುವುದು ಹೀಗೆ: ಗಾಜಿನ ಬಿಲ್ಲೆಯ ಮೇಲೆ, ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸುತ್ತಾರೆ. ಮಾದರಿಯ ಹನಿ ಹಾಕಿ, ತೊಳೆದು, ಮೇಲೆ ದ್ರವಸ್ಫಟಿಕದ ತೆಳು ಪದರ ಹರಡುತ್ತಾರೆ. ಪ್ರೋಟೀನ್ ಇಲ್ಲದಿದ್ದರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಬಿಲ್ಲೆ ಕಪ್ಪಾಗಿ ಕಾಣುತ್ತದೆ. ಪ್ರೋಟೀನ್ ಅಂಟಿಕೊಂಡಿದ್ದರೆ ಸಾಲು ಕದಡಿ, ಬೆಳಕು ತೂರಿ ಬರುತ್ತದೆ. ಸಾಲಿನಲ್ಲಿ ಒಬ್ಬ ತಿರುಗಿದರೆ ಪಕ್ಕದವರೂ ತಿರುಗುವಂತೆ, ಸಣ್ಣ ಅಂಟಿಕೆಯೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಬಣ್ಣ ಬೆರೆಸಬೇಕಿಲ್ಲ, ದೊಡ್ಡ ಯಂತ್ರವೂ ಬೇಕಿಲ್ಲ. ಅಮೆರಿಕದ ನಿಕೊಲಸ್ ಅಬಟ್ ಅವರ ತಂಡ ಈ ತತ್ವವನ್ನು 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು.

ಆದರೆ ಮೂತ್ರದಲ್ಲಿರುವ ಬೇರೆ ಪದಾರ್ಥಗಳೂ ಗಾಜಿಗೆ ಅಂಟಿ ಸಾಲು ಕೆಡಿಸಬಹುದು. ತಾಪಮಾನ ಏರಿದರೂ ಅಣುಗಳ ಶಿಸ್ತು ಸಡಿಲುತ್ತದೆ. ಹಾಗಾಗಿ ಈ ವಿಧಾನ ಇನ್ನೂ ಹೆಚ್ಚಾಗಿ ಸಂಶೋಧನಾಲಯಗಳಲ್ಲೇ ಇದೆ.

ಅದು ಬರುವವರೆಗೆ ನಾವು ಕಾಯಬೇಕಿಲ್ಲ. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ, ಅಂದರೆ ಎಸಿಆರ್, ಈಗಲೇ ಲಭ್ಯ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇದ್ದರೆ ಸಹಜ. ಹೆಚ್ಚಿದ್ದರೆ ಗಾಬರಿ ಬೇಡ. ಜ್ವರ, ಕಠಿಣ ವ್ಯಾಯಾಮದಿಂದಲೂ ಏರಬಹುದು. ವೈದ್ಯರ ಸಲಹೆಯಂತೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಬೇಗ ಗೊತ್ತಾದರೆ ಸಕ್ಕರೆ, ರಕ್ತದೊತ್ತಡಗಳ ಹತೋಟಿ ಮತ್ತು ಔಷಧಿಗಳಿಂದ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸಬಹುದು.

ಸಕ್ಕರೆ ಕಾಯಿಲೆ ಇರುವ ಸದಸ್ಯರು ವರ್ಷಕ್ಕೊಮ್ಮೆ ಈ ಪರೀಕ್ಷೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳಿ. ಖರ್ಚು ಭರಿಸಲಾಗದ ಕುಟುಂಬಗಳ ಪರೀಕ್ಷೆಗೂ, ಈಗಾಗಲೇ ಡಯಾಲಿಸಿಸ್‌ನಲ್ಲಿರುವವರ ಚಿಕಿತ್ಸೆಗೂ ನಮ್ಮ ನಿಧಿ ನೆರವಾಗಬೇಕೆಂಬುದು ನನ್ನ ಆಸೆ. ದಾನಿಗಳು ಕೈಲಾದಷ್ಟು ನೀಡಿ ಸಹಕರಿಸಬೇಕೆಂದು ವಿನಂತಿ.